ಮಳೆಗಾಲಕ್ಕೆ ಮುನ್ನ ಕಾರಿನ ಕ್ಯಾಬಿನ್ ಫಿಲ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಕುರಿತು ಇದ್ದುದರಿಂದ, ಈ ಸಲದ ವಾಹನ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಕಾರಿನ ಕ್ಯಾಬಿನ್ ಏರ್ ಫಿಲ್ಟರಿಗೆ, ಅಂದರೆ ಗ್ಯಾರೇಜುಗಳಲ್ಲಿ ಎಸಿ ಫಿಲ್ಟರ್ ಎಂದು ಕರೆಯುವ ಭಾಗಕ್ಕೆ, ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಾರು ವರ್ಷಕ್ಕೆ ಆರೇಳು ಸಾವಿರ ಕಿ.ಮೀ. ಮಾತ್ರ ಓಡುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಎಸಿ ಫಿಲ್ಟರ್ ಬದಲಿಸಬೇಕೆಂದು ಹೇಳುತ್ತಾರೆ. ಇಲ್ಲಿಯ ತಂಪು ಹವೆಯಲ್ಲಿ ನಾವು ಎಸಿ ಹಾಕುವುದೇ ಅಪರೂಪ. ಹೀಗಿರುವಾಗ ಅದನ್ನು ಬದಲಿಸುವ ಅಗತ್ಯವಿದೆಯೇ? ಇದ್ದರೆ ಎಷ್ಟು ಕಿ.ಮೀ.ಗೆ ಒಮ್ಮೆ?
— ಒಬ್ಬ ಓದುಗರು, ಗೋಣಿಕೊಪ್ಪಲು

ಉತ್ತರ: ಅಗತ್ಯವಿದೆ. ಎಸಿ ಹಾಕದಿದ್ದರೆ ಈ ಫಿಲ್ಟರಿಗೆ ಕೆಲಸವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಆದರೆ ಅದು ಸರಿಯಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳ ಕೆಳಗಿರುವ ಜಾಲರಿಯ ಮೂಲಕ ಒಳಬರುವ ಹೊರಗಿನ ಗಾಳಿ ಫಿಲ್ಟರನ್ನೂ ಬ್ಲೋವರನ್ನೂ (ಗಾಳಿ ತಳ್ಳುವ ಫ್ಯಾನನ್ನೂ) ಹಾದು, ಎಸಿಯ ಕೂಲಿಂಗ್ ಕಾಯಿಲಿನ ಮೇಲೆ ಹರಿದು, ಆಮೇಲೆ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಹೊರಡುತ್ತದೆ. ನೀವು ಎಸಿ ಹಾಕಿದರೂ, ಹೀಟರ್ ಹಾಕಿದರೂ, ಬರಿಯ ಫ್ಯಾನ್ ತಿರುಗಿಸಿದರೂ ದಾರಿ ಅದೇ. ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಕ್ರಮದಲ್ಲಿಯೂ ಹೆಚ್ಚಿನ ಕಾರುಗಳಲ್ಲಿ ಗಾಳಿ ಇದೇ ಫಿಲ್ಟರಿನ ಮೂಲಕವೇ ಹಾಯುತ್ತದೆ. ಎಂಜಿನ್ನಿಗೆ ಗಾಳಿ ಒದಗಿಸುವ ಏರ್ ಫಿಲ್ಟರ್ ಬೇರೆ, ಇದು ಬೇರೆ. ಸರ್ವಿಸ್ ಬಿಲ್ಲಿನಲ್ಲಿ ಎರಡೂ ಬರಬಹುದಾದ್ದರಿಂದ ಯಾವುದನ್ನು ಬದಲಿಸಿದರೆಂದು ಕೇಳಿ ತಿಳಿದುಕೊಳ್ಳಿ.

ಕಾರು ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 10,000ದಿಂದ 20,000 ಕಿ.ಮೀ. ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕೆಂದೂ, ಧೂಳಿನ ರಸ್ತೆಯಲ್ಲಿ ಓಡುವ ಕಾರಿಗೆ ಇನ್ನೂ ಬೇಗ ಬದಲಿಸಬೇಕೆಂದೂ ಹೇಳಿರುತ್ತಾರೆ. ನಿಮ್ಮ ಕಾರಿನ ಕೈಪಿಡಿಯ ಗಡುವನ್ನು ಮೀರಬೇಡಿ. ಆದರೆ ಕೊಡಗಿನಲ್ಲಿ ಕಿಲೋಮೀಟರಿಗಿಂತ ಕಾಲಮಾನವನ್ನು ನೋಡಿ ಬದಲಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಫಿ ಕುಯ್ಲು ಆರಂಭವಾಗಿ ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವವರೆಗೆ, ಅಂದರೆ ನವೆಂಬರಿನ ಕೊನೆಯಿಂದ ಹೆಚ್ಚುಕಡಿಮೆ ಮಾರ್ಚಿನವರೆಗೆ, ತೋಟದ ಮಣ್ಣಿನ ದಾರಿಗಳಲ್ಲಿ ಪಿಕಪ್, ಜೀಪು, ಟ್ರ್ಯಾಕ್ಟರುಗಳ ಹಿಂದೆ ಸಾಗುವ ಕಾರು ಕೆಂಧೂಳನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕಣದ ಪಕ್ಕದಲ್ಲಿ ನಿಲ್ಲಿಸಿದ ಕಾರಿನ ಜಾಲರಿಯ ಮೇಲೆ ಒಣಗಿದ ಕಾಫಿ ಸಿಪ್ಪೆಯ ಪುಡಿ ಕೂರುತ್ತದೆ. ನೆರಳಿಗಾಗಿ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಅದರ ಸೀಳು ಸೀಳಾದ ತರಗೆಲೆ ಜಾಲರಿಯಲ್ಲಿ ಸಿಕ್ಕಿಕೊಂಡು, ಪುಡಿಯಾದದ್ದು ಒಳಗೂ ಇಳಿಯುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದಾಗ ರಸ್ತೆಯ ಧೂಳು ಒಂದೆರಡು ದಿನ ಅಡಗಿದರೂ ಫಿಲ್ಟರಿನ ಮಡಿಕೆಗಳಲ್ಲಿ ಸೇರಿದ ಧೂಳು ಅಲ್ಲಿಯೇ ಉಳಿದಿರುತ್ತದೆ.

ಇಷ್ಟಾದ ಮೇಲೆ ಜೂನ್ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಬೇಸಿಗೆಯುದ್ದಕ್ಕೂ ಕೂಡಿದ ಧೂಳು, ಎಲೆಪುಡಿ, ಹೂವಿನ ಪರಾಗ ಇವುಗಳ ಮೇಲೆ ತಿಂಗಳುಗಟ್ಟಲೆ ತೇವದ ಗಾಳಿ ಹರಿದರೆ ಬೂಷ್ಟು ಬೆಳೆಯಲು ಬೇರೇನೂ ಬೇಕಿಲ್ಲ. ಫಿಲ್ಟರ್ ಕಟ್ಟಿಕೊಂಡು ಗಾಳಿಯ ಸೆಳೆತ ಕುಂದುವುದೂ, ಮುಂದಿನ ಗಾಜಿನ ಮಬ್ಬು ಕಳೆಯಲು ಜೋರಾದ ಗಾಳಿ ಬೇಕಾಗುವುದೂ ಇದೇ ಕಾಲದಲ್ಲಿ. ಆದ್ದರಿಂದ ಧೂಳಿನ ಕಾಲ ಮುಗಿದು ಮಳೆ ಹಿಡಿಯುವುದಕ್ಕೆ ಮುಂಚೆ, ಮೇ ತಿಂಗಳ ಕೊನೆಯ ವಾರದಲ್ಲಿ, ಹೊಸ ಫಿಲ್ಟರ್ ಹಾಕುವುದು ಅತ್ಯಂತ ಯುಕ್ತ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ಆಯುಧಪೂಜೆಗೆಂದು ಕಾರು ತೊಳೆಯುವ ಹೊತ್ತಿನಲ್ಲಿ, ಅದನ್ನು ಒಮ್ಮೆ ಹೊರಗೆಳೆದು ನೋಡಿ. ಮುಗ್ಗಲು ವಾಸನೆ ಇಲ್ಲದಿದ್ದರೆ, ಕಪ್ಪು ಅಥವಾ ಹಸಿರು ಚುಕ್ಕೆಗಳು ಕಾಣದಿದ್ದರೆ, ಅದನ್ನೇ ಮುಂದುವರಿಸಬಹುದು. ಅವು ಕಂಡರೆ ಹಾಕಿ ಐದೇ ತಿಂಗಳಾಗಿದ್ದರೂ ಬದಲಿಸಬೇಕು.

ನಿಮ್ಮ ಕಾರಿನ ಓಡಾಟ ಕಡಿಮೆ ಎಂಬುದು ಇಲ್ಲಿ ಅನುಕೂಲವಾಗುವುದಿಲ್ಲ. ದಿನವೂ ಓಡುವ ಕಾರಿನಲ್ಲಿ ಬ್ಲೋವರಿನ ಗಾಳಿ ಫಿಲ್ಟರನ್ನು ಅಷ್ಟಿಷ್ಟು ಒಣಗಿಸುತ್ತದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ತೇವ ಹಾಗೆಯೇ ಉಳಿಯುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಬದಲಿಸುವುದನ್ನು ಕಡಿಮೆ ಓಡುವ ಕಾರಿಗೂ ತಪ್ಪಿಸಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಭಾಗಮಂಡಲದ ಕಡೆ ಹೋಗುವಾಗ ಗಾಜಿನ ಒಳಭಾಗ ಪೂರ್ತಿ ಮಬ್ಬಾಗುತ್ತದೆ. ಬಟ್ಟೆಯಲ್ಲಿ ಒರೆಸಿಕೊಂಡೇ ಕಾರು ಓಡಿಸಬೇಕಾಗಿದೆ. ಇದಕ್ಕೂ ಫಿಲ್ಟರಿಗೂ ಸಂಬಂಧವಿದೆಯೇ?
— ಓದುಗರು, ನಾಪೋಕ್ಲು

ಉತ್ತರ: ನೇರವಾದ ಸಂಬಂಧವಿದೆ. ಇದು ಸುರಕ್ಷತೆಯ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಿನೊಳಗಿರುವವರ ಉಸಿರು, ಒದ್ದೆ ಕೊಡೆ, ನೆನೆದ ಜರ್ಕಿನ್, ಕಾಲಡಿಯ ಹಸಿ ಮ್ಯಾಟು ಇವುಗಳಿಂದ ಒಳಗಿನ ಗಾಳಿಯಲ್ಲಿ ನೀರಿನ ಆವಿ ತುಂಬುತ್ತದೆ. ಮಳೆಯಲ್ಲಿ ತಣ್ಣಗಾದ ಗಾಜನ್ನು ಅದು ಮುಟ್ಟಿದಾಗ ಸಣ್ಣ ಹನಿಗಳಾಗಿ ಕೂರುತ್ತದೆ. ಈ ತೇವವನ್ನು ಗಾಳಿಯಿಂದ ತೆಗೆಯಬಲ್ಲ ಸಾಧನ ಕಾರಿನಲ್ಲಿ ಒಂದೇ, ಅದು ಎಸಿಯ ಕೂಲಿಂಗ್ ಕಾಯಿಲ್. ಗಾಳಿಯಲ್ಲಿರುವ ಆವಿ ಆ ತಣ್ಣನೆಯ ಕಾಯಿಲಿನ ಮೇಲೆ ನೀರಾಗಿ ಇಳಿದು, ಕೊಳವೆಯ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕುತ್ತದೆ. ಹೀಗೆ ಒಣಗಿದ ಗಾಳಿಯನ್ನು ಹೀಟರ್ ಬೆಚ್ಚಗೆ ಮಾಡಿ ಗಾಜಿನ ಮೇಲೆ ಹಾಯಿಸಿದರೆ ಮಬ್ಬು ಬೇಗ ಕಳೆಯುತ್ತದೆ. ಆದ್ದರಿಂದ ಚಳಿ ಇದ್ದರೂ ಎಸಿ ಬಟನ್ ಒತ್ತಿ, ಉಷ್ಣತೆಯ ತಿರುಗಣೆಯನ್ನು ಬಿಸಿಯ ಕಡೆಗೆ ತಿರುಗಿಸಿ, ಗಾಳಿಯ ದಿಕ್ಕನ್ನು ಮುಂದಿನ ಗಾಜಿಗೆ ಇಟ್ಟು, ಹೊರಗಿನ ಗಾಳಿ ಒಳಬರುವ ಕ್ರಮವನ್ನು ಆರಿಸಬೇಕು. ಎಸಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕಿದರೆ ಕಾರು ಕೆಡುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಅವೆರಡೂ ಒಟ್ಟಿಗೆ ಕೆಲಸ ಮಾಡುವಂತೆಯೇ ಕಾರನ್ನು ರೂಪಿಸಿರುತ್ತಾರೆ.

ಸಂಪಾಜೆ ಘಾಟಿಯಲ್ಲಿ ಲಾರಿಯ ಹೊಗೆ ಒಳಬಾರದೆಂದು ರೀಸರ್ಕ್ಯುಲೇಷನ್ ಒತ್ತಿ, ಆಮೇಲೆ ಅದನ್ನು ತೆಗೆಯಲು ಮರೆಯುವುದು ಬಹಳ ಸಾಮಾನ್ಯ. ಎಸಿ ಇಲ್ಲದೆ ಆ ಕ್ರಮದಲ್ಲಿಯೇ ಮುಂದುವರಿದರೆ ಉಸಿರಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗಾಜು ಇನ್ನಷ್ಟು ಮಬ್ಬಾಗುತ್ತದೆ.

ಇವೆಲ್ಲವನ್ನೂ ಸರಿಯಾಗಿ ಇಟ್ಟ ಮೇಲೂ ಮಬ್ಬು ಬಿಡದಿದ್ದರೆ, ಕಾರಿನ ಒಳಗಡೆ ಗಾಜಿನ ಬುಡದ ಕಿಂಡಿಗಳ ಮೇಲೆ ಅಂಗೈ ಹಿಡಿದು ನೋಡಿ. ಬ್ಲೋವರ್ ಕೊನೆಯ ವೇಗದಲ್ಲಿ ಗದ್ದಲ ಮಾಡುತ್ತಿದ್ದು, ಗಾಳಿ ಮಾತ್ರ ಸೊರಗಿ ಬರುತ್ತಿದ್ದರೆ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು. ಕಾರನ್ನು ನಿಲ್ಲಿಸಿ, ಫಿಲ್ಟರನ್ನು ಹೊರತೆಗೆದು, ಅದು ಕೂರುವ ಜಾಗದಲ್ಲಿ ಕಸವೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಮುಚ್ಚಳ ಹಾಕಿ ಅರ್ಧ ನಿಮಿಷ ಬ್ಲೋವರ್ ತಿರುಗಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಗಾಳಿ ಸ್ಪಷ್ಟವಾಗಿ ಹೆಚ್ಚಿದರೆ ತಪ್ಪು ಫಿಲ್ಟರಿನದು, ಹೆಚ್ಚದಿದ್ದರೆ ಕೂಲಿಂಗ್ ಕಾಯಿಲ್ ಅಥವಾ ಬ್ಲೋವರನ್ನು ಪರೀಕ್ಷಿಸಬೇಕು. ಹಾಗೆಂದು ಫಿಲ್ಟರ್ ಇಲ್ಲದೆಯೇ ಕಾರು ಓಡಿಸಬೇಡಿ. ಕೂಲಿಂಗ್ ಕಾಯಿಲಿನ ತೆಳು ರೆಕ್ಕೆಗಳ ನಡುವೆ ಧೂಳು ಸೇರಿ ಒದ್ದೆಯಾಗಿ ಅಂಟಿಕೊಂಡರೆ ಅದನ್ನು ತೆಗೆಯಲು ಕೆಲವೊಮ್ಮೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ಆ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಏನೂ ಅಲ್ಲ.

ಮಬ್ಬು ಗಾಜಿನ ಹೊರಭಾಗದಲ್ಲಿದ್ದರೆ ಕಾರಣ ತಿರುಗುಮುರುಗು. ಎಸಿಯ ತಣ್ಣನೆ ಗಾಳಿ ಗಾಜನ್ನು ತಂಪಾಗಿಸಿದಾಗ ಹೊರಗಿನ ತೇವ ಅದರ ಮೇಲೆ ಕೂರುತ್ತದೆ. ಆಗ ವೈಪರ್ ಆಡಿಸಿ, ಗಾಳಿಯನ್ನು ಬೆಚ್ಚಗೆ ಮಾಡಿದರೆ ಸಾಕು.

ಪ್ರಶ್ನೆ: ಫಿಲ್ಟರನ್ನು ಮನೆಯಲ್ಲಿಯೇ ಬದಲಿಸಬಹುದೇ? ಸರ್ವಿಸ್ ಸೆಂಟರ್ ದೂರವಿದೆ. ಹೇಗೆಂದು ತಿಳಿಸಿ.
— ಓದುಗರು, ಸೋಮವಾರಪೇಟೆ

ಉತ್ತರ: ಹೆಚ್ಚಿನ ಕಾರುಗಳಲ್ಲಿ ಇದು ಕಾಲು ಗಂಟೆಯ ಕೆಲಸ, ಸಲಕರಣೆಯೂ ಬೇಕಾಗುವುದಿಲ್ಲ. ಫಿಲ್ಟರ್ ಸಾಮಾನ್ಯವಾಗಿ ಎಡಗಡೆಯ ಸೀಟಿನ ಎದುರಿನ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕಾಲಿಡುವ ಜಾಗದ ಪಕ್ಕಕ್ಕೆ ಇರುತ್ತದೆ, ಇನ್ನು ಕೆಲವದರಲ್ಲಿ ಬಾನೆಟ್ ಎತ್ತಿ ಗಾಜಿನ ಬುಡದ ಜಾಲರಿಯ ಬಳಿಯಿಂದ ತೆಗೆಯಬೇಕು. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಕೈ ಹಾಕಿ. ಹೊಸ ಫಿಲ್ಟರನ್ನು ಕೊಳ್ಳುವಾಗ ಕಾರಿನ ಹೆಸರಷ್ಟೇ ಸಾಲದು, ತಯಾರಾದ ವರ್ಷವನ್ನೂ ಹೇಳಬೇಕು, ಏಕೆಂದರೆ ಒಂದೇ ಹೆಸರಿನ ಕಾರಿನ ಹಳೆಯ ಮತ್ತು ಹೊಸ ಮಾದರಿಗಳ ಫಿಲ್ಟರಿನ ಅಳತೆ ಬೇರೆಯಾಗಿರಬಹುದು. ಸಾಧ್ಯವಾದರೆ ಹಳೆಯದನ್ನು ಅಂಗಡಿಗೇ ಒಯ್ದು ಪಕ್ಕದಲ್ಲಿಟ್ಟು ನೋಡಿ.

ಎಂಜಿನ್ನನ್ನೂ ಬ್ಲೋವರನ್ನೂ ಆಫ್ ಮಾಡಿ, ಕೀಲಿ ತೆಗೆದ ಮೇಲೆ ಕೆಲಸ ಆರಂಭಿಸಿ. ಗ್ಲೋವ್ ಬಾಕ್ಸಿನಲ್ಲಿರುವ ಕಾಗದಪತ್ರಗಳನ್ನೆಲ್ಲ ಹೊರಗಿಟ್ಟು, ಅದರ ಒಂದು ಬದಿಯಲ್ಲಿ ಮುಚ್ಚಳ ಮೆಲ್ಲಗೆ ಇಳಿಯುವಂತೆ ಹಿಡಿದಿರುವ ಸಣ್ಣ ದಾರ ಅಥವಾ ಕಡ್ಡಿ ಇದ್ದರೆ ಅದನ್ನು ಮೊದಲು ಬಿಡಿಸಿ. ಆಮೇಲೆ ಡಬ್ಬಿಯ ಎರಡೂ ಪಕ್ಕಗಳನ್ನು ಕೈಯಿಂದ ಒಳಮುಖವಾಗಿ ಒತ್ತಿದರೆ ತಡೆಗಳು ಜಾರಿ ಅದು ಪೂರ್ತಿ ಕೆಳಗೆ ಬಾಗುತ್ತದೆ. ಕೆಲವು ಕಾರುಗಳಲ್ಲಿ ತಡೆಗಳ ಬದಲು ಸ್ಕ್ರೂಗಳಿರುತ್ತವೆ. ಜೋರು ಮಾಡಿ ಎಳೆಯಬೇಡಿ, ಹಳೆಯ ಪ್ಲಾಸ್ಟಿಕ್ ಚಳಿಯ ಬೆಳಗಿನಲ್ಲಿ ಸುಲಭವಾಗಿ ಮುರಿಯುತ್ತದೆ. ಆ ಭಾಗದಲ್ಲಿ ಹಳದಿ ಬಣ್ಣದ ಕನೆಕ್ಟರ್ ಇರುವ ವಯರುಗಳು ಕಂಡರೆ ಅವು ಏರ್‌ಬ್ಯಾಗಿನವು, ಅವನ್ನು ಮುಟ್ಟಲೇಬಾರದು.

ಒಳಗೆ ಅಗಲ ಕಿರಿದಾದ ಒಂದು ಮುಚ್ಚಳ ಕಾಣುತ್ತದೆ. ಅದರ ಎರಡು ತುದಿಯ ಚಿಲಕಗಳನ್ನು ಒತ್ತಿ ತೆಗೆದರೆ ಫಿಲ್ಟರಿನ ಅಂಚು ಕೈಗೆ ಸಿಗುತ್ತದೆ. ಹೊರಗೆಳೆಯುವುದಕ್ಕೆ ಮುಂಚೆ ಅದು ಕುಳಿತಿರುವ ರೀತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಎಳೆಯುವಾಗ ಓರೆ ಮಾಡದೆ ಸಮತಟ್ಟಾಗಿ ಹಿಡಿಯಿರಿ, ಇಲ್ಲದಿದ್ದರೆ ಮೇಲೆ ಕೂತ ತರಗೆಲೆ, ಕಡ್ಡಿ, ಸತ್ತ ಹುಳುಗಳು ಜಾರಿ ಬ್ಲೋವರಿಗೆ ಬೀಳುತ್ತವೆ, ಮುಂದೆ ಫ್ಯಾನ್ ಹಾಕಿದಾಗ ಟರಟರ ಶಬ್ದ ಶುರುವಾಗುತ್ತದೆ. ಫಿಲ್ಟರ್ ಕೂರುವ ಖಾಲಿ ಜಾಗವನ್ನು ಸಣ್ಣ ವ್ಯಾಕ್ಯೂಮ್ ಕ್ಲೀನರಿನಿಂದ, ಅದು ಇಲ್ಲದಿದ್ದರೆ ಸ್ವಲ್ಪವೇ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ.

ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತದೆ. ಅದರ ಪಕ್ಕದಲ್ಲಿ ಏರ್ ಫ್ಲೋ ಎಂದು ಬರೆದಿದ್ದರೆ ಬಾಣ ಗಾಳಿ ಹರಿಯುವ ದಿಕ್ಕನ್ನು ತೋರಿಸಬೇಕು, ಅಪ್ ಎಂದು ಬರೆದಿದ್ದರೆ ಬಾಣ ಮೇಲ್ಮುಖವಾಗಿರಬೇಕು. ಈ ಎರಡು ಬರಹಗಳನ್ನು ಒಂದೇ ಎಂದು ತಿಳಿದು ಫಿಲ್ಟರನ್ನು ತಲೆಕೆಳಗಾಗಿ ಹಾಕುವುದು ಗ್ಯಾರೇಜುಗಳಲ್ಲಿಯೂ ನಡೆಯುತ್ತದೆ. ಹಳೆಯದರ ಬಾಣವನ್ನೂ ನೀವು ತೆಗೆದ ಫೋಟೊವನ್ನೂ ಹೋಲಿಸಿ ನೋಡಿ. ಫಿಲ್ಟರ್ ನಾಲ್ಕೂ ಬದಿಗೆ ಸಂದಿಯಿಲ್ಲದೆ ಕೂರಬೇಕು. ಬಗ್ಗಿಸಿ ತುರುಕಬೇಕಾಗಿ ಬಂದರೆ ಅಳತೆ ತಪ್ಪಿದೆ ಎಂದರ್ಥ, ಅಂಚಿನಲ್ಲಿ ಸಂದಿ ಉಳಿದರೆ ಗಾಳಿ ಫಿಲ್ಟರನ್ನು ತಪ್ಪಿಸಿ ಆ ಸಂದಿಯಲ್ಲೇ ನುಗ್ಗುತ್ತದೆ. ಮುಚ್ಚಳ ಹಾಕಿ, ಗ್ಲೋವ್ ಬಾಕ್ಸ್ ಕೂರಿಸಿದ ಬಳಿಕ ಬ್ಲೋವರನ್ನು ಎಲ್ಲ ವೇಗಗಳಲ್ಲಿಯೂ ತಿರುಗಿಸಿ ಕೇಳಿ. ಸಿಳ್ಳೆಯಂಥ ಶಬ್ದ ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಹೊಸ ಫಿಲ್ಟರಿನ ಅಂಚಿನ ಮೇಲೆ ಹಾಕುವ ಮೊದಲೇ ದಿನಾಂಕವನ್ನೂ ಕಿಲೋಮೀಟರನ್ನೂ ಪೆನ್ನಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಯಾರ ನೆನಪನ್ನೂ ಅವಲಂಬಿಸಬೇಕಾಗಿಲ್ಲ.

ಇಷ್ಟು ಮಾಡಿದವರು ಬಾನೆಟನ್ನೂ ಎತ್ತಿ, ಗಾಜಿನ ಬುಡದ ಕಾಲುವೆಯಲ್ಲಿ ಸೇರಿದ ಎಲೆಗಳನ್ನು ಕೈಯಿಂದ ತೆಗೆದುಬಿಡಬೇಕು. ಅಲ್ಲಿ ಬಿದ್ದ ಮಳೆನೀರು ಎರಡು ಬದಿಯ ತೂತುಗಳಿಂದ ಕೆಳಗೆ ಹರಿದುಹೋಗುವಂತೆ ಏರ್ಪಾಡಿರುತ್ತದೆ. ಎಲೆ ಕೊಳೆತು ಆ ತೂತುಗಳು ಮುಚ್ಚಿದರೆ ನೀರು ನಿಂತು, ಗಾಳಿ ಬರುವ ದಾರಿಯಿಂದಲೇ ಒಳಗಿಳಿದು ಫಿಲ್ಟರನ್ನು ನೆನೆಸುತ್ತದೆ. ಹೊಸ ಫಿಲ್ಟರ್ ಹಾಕಿದ ತಿಂಗಳಲ್ಲೇ ಒದ್ದೆಯಾಗಿದೆ ಎಂಬ ದೂರುಗಳಿಗೆ ಹೆಚ್ಚಾಗಿ ಇದೇ ಕಾರಣ. ಮರಗಳ ಕೆಳಗೆ ಕಾರು ನಿಲ್ಲಿಸುವ ತೋಟದ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಅಲ್ಲಿ ಕೈಯಾಡಿಸುವುದು ಒಳ್ಳೆಯದು.

ಪ್ರಶ್ನೆ: ಹಳೆಯ ಫಿಲ್ಟರನ್ನು ಕಂಪ್ರೆಸರ್ ಗಾಳಿ ಹೊಡೆದು ಅಥವಾ ಸೋಪಿನ ನೀರಿನಲ್ಲಿ ತೊಳೆದು ಮತ್ತೆ ಹಾಕಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ತೊಳೆಯಬಾರದು. ಈ ಫಿಲ್ಟರುಗಳಲ್ಲಿ ಅನೇಕವು ಸೂಕ್ಷ್ಮ ಕಣಗಳನ್ನು ಹಿಡಿಯುವುದು ಎಳೆಗಳಲ್ಲಿ ತುಂಬಿಸಿರುವ ಸ್ಥಿರ ವಿದ್ಯುತ್ತಿನ ಬಲದಿಂದ. ಸೋಪಿನ ನೀರು ತಾಗಿದರೆ ಆ ಬಲ ಕುಂದುತ್ತದೆ, ನೋಡಲು ಮಾತ್ರ ಶುಭ್ರವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಅದು ಒಳಮಡಿಕೆಯವರೆಗೆ ಒಣಗುವುದೂ ಕಷ್ಟ. ಕಂಪ್ರೆಸರಿನ ಒತ್ತಡಕ್ಕೆ ಎಳೆಗಳು ಸಡಿಲವಾಗಿ, ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಹೊಸದು ಸಿಗುವವರೆಗೆ ನಾಲ್ಕು ದಿನ ತಳ್ಳಬೇಕಾಗಿದ್ದರೆ ಮೆಲ್ಲಗೆ ಕೊಡವಿ, ಕೊಳೆಯಾದ ಬದಿಯಿಂದ ವ್ಯಾಕ್ಯೂಮ್ ಹಿಡಿಯಬಹುದು. ಮಾರುವವರೇ ತೊಳೆಯಬಹುದೆಂದು ಬರೆದುಕೊಟ್ಟ ಬೇರೆ ಬಗೆಯ ಫಿಲ್ಟರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಉಬ್ಬಸವಿದೆ. ಕಾರ್ಬನ್ ಫಿಲ್ಟರ್ ಹಾಕಿಸಿದರೆ ಪ್ರಯಾಣದಲ್ಲಿ ಹೊಗೆ, ಧೂಳು ಎರಡೂ ತಡೆಯುತ್ತದೆ ಎನ್ನುತ್ತಾರೆ. ಹೆಚ್ಚಿನ ಹಣ ಕೊಡುವುದು ಸಾರ್ಥಕವೇ?
— ಒಬ್ಬ ತಾಯಿ, ಮಡಿಕೇರಿ

ಉತ್ತರ: ನಿಮ್ಮ ಮಟ್ಟಿಗೆ ಸಾರ್ಥಕ ಎಂದೇ ಹೇಳುತ್ತೇನೆ, ಆದರೆ ಅದರಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬುದು ನಿಮಗೆ ತಿಳಿದಿರಬೇಕು. ಸಾಮಾನ್ಯ ಫಿಲ್ಟರ್ ಧೂಳು, ಪರಾಗ, ಬೂಷ್ಟಿನ ಕಣಗಳನ್ನು ತಡೆಯುತ್ತದೆ, ಅನಿಲವನ್ನೂ ವಾಸನೆಯನ್ನೂ ತಡೆಯುವುದಿಲ್ಲ. ಕಾರ್ಬನ್ ಫಿಲ್ಟರಿನಲ್ಲಿ ಕಣಗಳನ್ನು ಹಿಡಿಯುವ ಪದರದ ಜೊತೆಗೆ ಸಕ್ರಿಯ ಇದ್ದಿಲಿನ ಪದರವೂ ಇರುವುದರಿಂದ ಡೀಸೆಲ್ ಹೊಗೆಯ ವಾಸನೆ ಮತ್ತು ಕೆಲವು ಕೆರಳಿಸುವ ಅನಿಲಗಳು ಕಡಿಮೆಯಾಗುತ್ತವೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳು ತುಂಬಿದ ಮೇಲೆ ಆ ಗುಣ ಹೋಗುತ್ತದೆ, ಬಿಸಿಲಿಗಿಟ್ಟರೆ ಮರಳುವುದಿಲ್ಲ. ಆದ್ದರಿಂದ ಕಾರ್ಬನ್ ಫಿಲ್ಟರನ್ನು ಎರಡು ವರ್ಷ ಬಳಸುವುದಕ್ಕಿಂತ ಸಾಮಾನ್ಯ ಫಿಲ್ಟರನ್ನು ಪ್ರತಿ ವರ್ಷ ತಪ್ಪದೆ ಬದಲಿಸುವುದು ಮಗುವಿಗೆ ಹೆಚ್ಚು ಹಿತ.

ಯಾವ ಕ್ಯಾಬಿನ್ ಫಿಲ್ಟರೂ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಆ ಅನಿಲಕ್ಕೆ ವಾಸನೆಯೂ ಇಲ್ಲ. ಶೆಡ್ಡಿನ ಒಳಗೆ ಎಂಜಿನ್ ಚಾಲೂ ಇಟ್ಟು ಮಗುವನ್ನು ಕಾರಿನಲ್ಲಿ ಕೂರಿಸುವುದಾಗಲಿ, ಕಿಟಕಿ ಮುಚ್ಚಿ ಎಂಜಿನ್ ಓಡುತ್ತಿರುವಾಗ ನಿಂತ ಕಾರಿನಲ್ಲಿ ಮಲಗುವುದಾಗಲಿ ಎಂದಿಗೂ ಕೂಡದು. ಗೊಬ್ಬರ, ಮೈಲುತುತ್ತ, ಕೀಟನಾಶಕದ ಡಬ್ಬಗಳನ್ನು ಅದೇ ಕಾರಿನ ಡಿಕ್ಕಿಯಲ್ಲಿ ತೋಟಕ್ಕೆ ಒಯ್ಯುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ, ಕಾರಿನೊಳಗೇ ಏಳುವ ಘಾಟಿಗೆ ಫಿಲ್ಟರನ್ನು ನೆಚ್ಚಿಕೊಳ್ಳುವಂತಿಲ್ಲ. ಉಬ್ಬಸದ ಔಷಧವನ್ನು ವೈದ್ಯರು ಹೇಳಿದಂತೆ ಜೊತೆಯಲ್ಲಿಯೇ ಇಟ್ಟುಕೊಳ್ಳಿ.

ಪ್ರಶ್ನೆ: ಫಿಲ್ಟರ್ ಬದಲಿಸಿದ ಮೇಲೂ ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ. ಏಕೆ?
— ಓದುಗರು, ಸುಂಟಿಕೊಪ್ಪ

ಉತ್ತರ: ಬೂಷ್ಟು ಕೂಲಿಂಗ್ ಕಾಯಿಲಿನ ಮೇಲೆ ಈಗಾಗಲೇ ಕೂತಿದೆ. ಅದಕ್ಕೆಂದೇ ಇರುವ ನೊರೆಯ ಕ್ಲೀನರಿನಿಂದ ಕಾಯಿಲನ್ನು ಶುಚಿ ಮಾಡಿಸಿ, ನೀರು ಹೊರಹೋಗುವ ಕೊಳವೆ ಕಟ್ಟಿಲ್ಲವೆಂದು ನೋಡಿಸಿ. ಆ ಕೊಳವೆ ಕಟ್ಟಿದರೆ ಎಡಗಡೆಯ ಮ್ಯಾಟಿನ ಕೆಳಗೆ ನೀರು ಸೇರುತ್ತದೆ. ಮುಂದೆ ಮನೆ ತಲುಪುವ ಎರಡು ಮೂರು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬ್ಲೋವರನ್ನು ಮಾತ್ರ ಓಡಿಸಿದರೆ ಕಾಯಿಲ್ ಅಷ್ಟಿಷ್ಟು ಒಣಗುತ್ತದೆ. ವಾಸನೆ ಮುಗ್ಗಲಿನದಾಗಿರದೆ ಸಿಹಿಸಿಹಿಯಾಗಿದ್ದು, ಗಾಜಿನ ಒಳಗೆ ಜಿಡ್ಡಿನ ಪೊರೆ ಕಟ್ಟುತ್ತಿದ್ದರೆ ಹೀಟರಿನ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಸೋರುತ್ತಿರಬಹುದು. ಆಗ ತಡಮಾಡದೆ ಮೆಕ್ಯಾನಿಕ್ ಬಳಿ ಹೋಗಿ.

ಪ್ರಶ್ನೆ: ನಮ್ಮ ಹಳೆಯ ಕಾರಿನಲ್ಲಿ ಈ ಫಿಲ್ಟರೇ ಇಲ್ಲ ಎಂದು ಗ್ಯಾರೇಜಿನವರು ಹೇಳಿದರು. ನಿಜವಿರಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ಇರಬಹುದು. ಹಳೆಯ ಹಾಗೂ ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಜಾಗ ಮಾತ್ರ ಇದ್ದು ಫಿಲ್ಟರ್ ಇರುವುದಿಲ್ಲ. ಜಾಗವಿದ್ದರೆ ಅಳತೆಗೆ ಸರಿಯಾದದ್ದನ್ನು ತಂದು ಹಾಕಿಸಬಹುದು. ಜಾಗವೇ ಇಲ್ಲದ ಕಡೆ ಪ್ಲಾಸ್ಟಿಕ್ ಕತ್ತರಿಸಿ ಸ್ಪಂಜು ತುರುಕುವ ಉಪಾಯ ಬೇಡ.

ಪ್ರಶ್ನೆ: ಮುಚ್ಚಳ ತೆಗೆದಾಗ ಇಲಿ ಗೂಡು ಕಟ್ಟಿರುವುದು ಕಂಡಿತು. ಫಿಲ್ಟರನ್ನು ಕಡಿದು ಹಾಕಿದೆ. ಹಾಗೆಯೇ ಮುಚ್ಚಿಟ್ಟಿದ್ದೇವೆ. ಏನು ಮಾಡಬೇಕು?
— ಓದುಗರು, ಪೊನ್ನಂಪೇಟೆ

ಉತ್ತರ: ಮೊದಲನೆಯದಾಗಿ, ಶುಚಿಯಾಗುವವರೆಗೆ ಬ್ಲೋವರ್ ಹಾಕಲೇಬೇಡಿ, ಹಾಕಿದರೆ ಒಣಗಿದ ಹಿಕ್ಕೆಯ ಪುಡಿ ನೇರವಾಗಿ ಮುಖಕ್ಕೆ ಬರುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಅದರ ರೋಗಾಣು ಗಾಯದ ಮೂಲಕವೂ, ಕಣ್ಣು, ಮೂಗು, ಬಾಯಿಗಳ ಮೂಲಕವೂ ದೇಹವನ್ನು ಸೇರುತ್ತದೆ. ಆದ್ದರಿಂದ ರಬ್ಬರ್ ಕೈಗವಸು ಮತ್ತು ಮಾಸ್ಕ್ ಧರಿಸಿ, ಕಾರಿನ ಬಾಗಿಲುಗಳನ್ನೆಲ್ಲ ಸ್ವಲ್ಪ ಹೊತ್ತು ತೆರೆದಿಟ್ಟ ಮೇಲೆ ಕೆಲಸ ಮಾಡಿ. ಗೂಡನ್ನು ಒಣಗಿದ್ದಂತೆಯೇ ಗುಡಿಸುವುದಾಗಲಿ ವ್ಯಾಕ್ಯೂಮ್ ಹಿಡಿಯುವುದಾಗಲಿ ತಪ್ಪು. ಸೋಂಕುನಿವಾರಕ ದ್ರಾವಣವನ್ನು ವಯರುಗಳಿಗೆ ತಾಗದಂತೆ ಗೂಡಿನ ಮೇಲೆ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕಾಗದದಿಂದ ಬಾಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ. ಗೂಡು ಬ್ಲೋವರಿನ ಒಳಗೂ ಇಳಿದಿದ್ದರೆ ಬ್ಲೋವರನ್ನು ಬಿಚ್ಚಿಸಲೇಬೇಕು. ವಯರುಗಳನ್ನೂ ಕಡಿದಿದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿಸಿ.

ಇಲಿ ಬರುವುದು ಹೆಚ್ಚಾಗಿ ಗಾಜಿನ ಬುಡದ ಗಾಳಿಯ ದಾರಿಯಿಂದ. ಆ ದಾರಿಗೆ ಸಣ್ಣ ಕಣ್ಣಿನ ತಂತಿ ಬಲೆಯನ್ನು, ನೀರು ಹರಿಯುವ ತೂತುಗಳು ಮುಚ್ಚದಂತೆ, ಮೆಕ್ಯಾನಿಕ್ ಕೈಯಲ್ಲಿ ಹಾಕಿಸಬಹುದು. ಕಾರು ನಿಲ್ಲಿಸುವಾಗ ರೀಸರ್ಕ್ಯುಲೇಷನ್ ಕ್ರಮದಲ್ಲಿಟ್ಟು ಆಫ್ ಮಾಡಿದರೆ ಅನೇಕ ಕಾರುಗಳಲ್ಲಿ ಹೊರಗಿನ ಗಾಳಿಯ ಬಾಗಿಲು ಮುಚ್ಚಿರುತ್ತದೆ, ಮತ್ತೆ ಹೊರಡುವಾಗ ಅದನ್ನು ತೆರೆಯಲು ಮರೆಯಬಾರದು. ಭತ್ತದ ಚೀಲ, ಕಾಳುಮೆಣಸು, ಕೋಳಿ ಆಹಾರ ಇಡುವ ಕೊಟ್ಟಿಗೆಯಲ್ಲಿಯೇ ಕಾರು ನಿಲ್ಲಿಸುತ್ತಿದ್ದರೆ ಜಾಗ ಬದಲಿಸಿ. ಹೊಸ ಫಿಲ್ಟರ್ ಹಾಕಿದ ಮೇಲೆ ಮೊದಲ ತಿಂಗಳಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಕಡಿದ ಹಳೆಯ ಫಿಲ್ಟರನ್ನು ಒಲೆಗೆ ಹಾಕಬೇಡಿ, ಅದರ ಎಳೆಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗೇನಿದೆ ಎಂದು ತಿಳಿಸಿ ಪಂಚಾಯಿತಿಯ ಕಸದ ವಾಹನಕ್ಕೆ ಕೊಡಿ.